ಹಳ್ಳಿ ನೋಡಲು ಕಡಲು ದಾಟುವ ಮುನ್ನ

ಬೆಂಗಳೂರು: ಹೆಸರಿನಲ್ಲಿ ಮಾತ್ರ ಹಳ್ಳಿಯನ್ನು ಉಳಿಸಿಕೊಂಡಿರುವ ಕಮ್ಮನಹಳ್ಳಿಯಲ್ಲಿ ಹೊಲ-ತೋಟವೆಂಬುದು ಇಂದು ಹಿರಿಯರ ನೆನಪು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಎಚ್‌ಆರ್‌ಬಿಆರ್ ಬಡಾವಣೆ ತಲೆಯೆತ್ತಿದ ಮೇಲೆ ಹೆಣ್ಣೂರು-ಬಾಣಸವಾಡಿ ನಡುವಿನ ಸೀಮೆಯೆಲ್ಲ ನಗರದ ಹೊಟ್ಟೆ ಸೇರಿತು. ಮುಖ್ಯರಸ್ತೆಯ ಉದ್ದಕ್ಕೂ ಬಟ್ಟೆ ಮಳಿಗೆ, ಉಪಾಹಾರ ಗೃಹಗಳ ಸಾಲು. ಇಲ್ಲಿ ಬೆಳೆಯುತ್ತಿರುವ ಮಗುವಿಗೆ ಹಾಲೆಂದರೆ ಪ್ಯಾಕೆಟ್, ಅಕ್ಕಿಯೆಂದರೆ ಮೂಟೆ.

ಮಕ್ಕಳಿಗೆ ಒಮ್ಮೆಯಾದರೂ ಮಣ್ಣು, ದನ-ಕರುಗಳ ಪರಿಚಯವಾಗಲಿ ಎಂದು ಹಂಬಲಿಸುವ ಅನುಕೂಲಸ್ಥ ಪಾಲಕರ ಮುಂದೆ ಈಗ ಹೊಸದೊಂದು ಆಯ್ಕೆಯಿದೆ. ಪ್ಯಾರಿಸ್ ಗೋಪುರ, ಸ್ವಿಸ್ ಹಿಮದ ಬದಲು ಆಸ್ಟ್ರಿಯಾ, ಇಟಲಿ ಅಥವಾ ನ್ಯೂಜಿಲೆಂಡಿನ ರೈತನ ಮನೆಯಲ್ಲಿ ಒಂದು ವಾರ ತಂಗುವುದು. ಆಸೆ ಒಳ್ಳೆಯದೇ. ಆದರೆ ಲಕ್ಷಗಟ್ಟಲೆ ರೂಪಾಯಿ ಸುರಿದು ಹೋದಾಗ ಅಲ್ಲಿ ಕೃಷಿಯೇ ಕಣ್ಣಿಗೆ ಬೀಳದಿದ್ದರೆ? ಯೋಜನೆ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಎರಡು ಪಂಚಾಂಗಗಳ ತಿಕ್ಕಾಟ

ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಆದರೆ ಆಲ್ಪ್ಸ್ ಸೀಮೆಯ ರೈತರು ದನಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಅಟ್ಟುವುದೇ ಮೇ ಕೊನೆ ಅಥವಾ ಜೂನ್‌ನಲ್ಲಿ. ಏಪ್ರಿಲ್‌ನಲ್ಲಿ ಹೋದ ಮಗು ಕಾಣುವುದು ಕೊಟ್ಟಿಗೆಯಲ್ಲಿ ಕಟ್ಟಿದ ಹಸುಗಳನ್ನು. ಅದೇ ಏಪ್ರಿಲ್ ಬ್ರಿಟನ್ನಿನಲ್ಲಿ ಕುರಿ ಮರಿ ಹಾಕುವ ಕಾಲ. ನ್ಯೂಜಿಲೆಂಡಿನಲ್ಲಿ ಅದು ಶರತ್ಕಾಲ. ಸೇಬು, ಕಿವಿ ಹಣ್ಣಿನ ಕೊಯ್ಲು ನಡೆದಿರುತ್ತದೆ. ಅಲ್ಲಿ ಕುರಿಮರಿಗಳನ್ನು ನೋಡಬೇಕಿದ್ದರೆ ಆಗಸ್ಟ್-ಸೆಪ್ಟೆಂಬರ್‌ವರೆಗೆ ಕಾಯಬೇಕು.

ಇನ್ನು ದಸರಾ ರಜೆ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ ಇಟಲಿಯಲ್ಲಿ ದ್ರಾಕ್ಷಿ ಕೊಯ್ಲು, ಬೆನ್ನಿಗೇ ಆಲಿವ್. ಬೆಟ್ಟದಿಂದ ಇಳಿದು ಬರುವ ದನಗಳನ್ನು ಹೂವಿನಿಂದ ಸಿಂಗರಿಸಿ ಆಸ್ಟ್ರಿಯಾದ ಊರುಗಳು ಸ್ವಾಗತಿಸುವುದೂ ಸರಿಸುಮಾರು ಅದೇ ಕಾಲದಲ್ಲಿ. ರಜೆ ಚಿಕ್ಕದು, ನೋಟ ಸಮೃದ್ಧ. ಹೀಗಾಗಿ ಮೊದಲು ದೇಶ ಆರಿಸಿ ಬಳಿಕ ದಿನಾಂಕ ಹುಡುಕುವುದಕ್ಕಿಂತ, ಶಾಲೆಯ ರಜೆಪಟ್ಟಿಯನ್ನು ಮುಂದಿಟ್ಟುಕೊಂಡು ಆ ಹೊತ್ತಿಗೆ ಎಲ್ಲಿ ಬೇಸಾಯ ಜೀವಂತವಾಗಿರುತ್ತದೆ ಎಂದು ನೋಡುವುದೇ ಜಾಣತನ.

ಕಾಗದಪತ್ರದ ಲೆಕ್ಕ

ಆಸ್ಟ್ರಿಯಾ, ಇಟಲಿ ಸೇರಿದಂತೆ ಷೆಂಗೆನ್ ದೇಶಗಳ ವೀಸಾ ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಹನ್ನೆರಡು ತುಂಬಿದವರು ದೊಡ್ಡವರ ಲೆಕ್ಕ. ತಂದೆ, ತಾಯಿ, 14 ಮತ್ತು 9 ವರ್ಷದ ಇಬ್ಬರು ಮಕ್ಕಳೆಂದರೆ ಒಟ್ಟು 315 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಣೆಯಾದರೆ ಈ ಹಣ ಹಿಂದಿರುಗದು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ತೀರ್ಮಾನಕ್ಕೆ 15 ದಿನವೆಂದು ನಿಯಮ ಹೇಳಿದರೂ ಕೆಲವು ಪ್ರಕರಣಗಳಲ್ಲಿ 45 ದಿನದವರೆಗೂ ಹಿಡಿಯಬಹುದು. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಮಕ್ಕಳ ಪಾಸ್‌ಪೋರ್ಟ್ ಅವಧಿ 5 ವರ್ಷ ಮಾತ್ರವಾದ್ದರಿಂದ ಅದನ್ನು ಮೊದಲೇ ತೆಗೆದು ನೋಡುವುದು ಒಳಿತು.

ರೈತನ ಮನೆಗೆ ರೈಲು ಹೋಗುವುದಿಲ್ಲ. ಹೆಚ್ಚಿನ ಕಡೆ ಬಾಡಿಗೆ ಕಾರು ಬೇಕೇ ಬೇಕು. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಇಟಲಿಯಲ್ಲಿ 150 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಪ್ರತ್ಯೇಕ ಆಸನ ಕಡ್ಡಾಯ.

ಊಟ-ವಸತಿಗೆ ಬದಲಾಗಿ ತೋಟದಲ್ಲಿ ದುಡಿಯುವ ಪದ್ಧತಿಯೂ ಇದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ 'ವೂಫ್' ಇದಕ್ಕೆ ಪ್ರಸಿದ್ಧ. ಹಣ ಉಳಿಯುತ್ತದೆಂದು ಇದಕ್ಕೆ ಮನಸೋಲುವ ಮುನ್ನ ಯೋಚಿಸಬೇಕು. ಹಲವು ದೇಶಗಳು ಇದನ್ನು ಉದ್ಯೋಗವೆಂದೇ ಪರಿಗಣಿಸಬಹುದು. ಪ್ರವಾಸಿ ವೀಸಾದಲ್ಲಿ ಅದಕ್ಕೆ ಎಡೆಯಿಲ್ಲ.

ತುಪ್ಪದ ಡಬ್ಬಿ, ಮಣ್ಣಿನ ಚಪ್ಪಲಿ

ಸಸ್ಯಾಹಾರಿ ಕುಟುಂಬಗಳು ತುಪ್ಪ, ಪೇಡ, ಮೈಸೂರು ಪಾಕು ಕಟ್ಟಿಕೊಂಡು ಹೊರಡುವುದು ವಾಡಿಕೆ. ಐರೋಪ್ಯ ಒಕ್ಕೂಟವು ಹೊರ ದೇಶಗಳ ಪ್ರವಾಸಿಗರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ನಿಷೇಧಿಸಿದೆ. ಕಾಲುಬಾಯಿ ಜ್ವರದಂಥ ಜಾನುವಾರು ರೋಗದ ಭಯ ಇದಕ್ಕೆ ಕಾರಣ. ಭಾರತದಲ್ಲಿ ಈ ರೋಗ ಇನ್ನೂ ಇದೆ. 2025ರಲ್ಲಿ ಜರ್ಮನಿ, ಹಂಗೇರಿ, ಸ್ಲೊವಾಕಿಯಗಳಲ್ಲೂ ಕಾಣಿಸಿಕೊಂಡು ಅಲ್ಲಿನ ರೈತರನ್ನು ಕಂಗೆಡಿಸಿತ್ತು. ನ್ಯೂಜಿಲೆಂಡ್ ಇನ್ನೂ ಕಟ್ಟುನಿಟ್ಟು. ಆಹಾರ ಪದಾರ್ಥವನ್ನು ಘೋಷಿಸದಿದ್ದರೆ 400 ಡಾಲರ್ ದಂಡ. ಇತ್ತೀಚೆಗೆ ಕೊಟ್ಟಿಗೆ-ತೋಟಗಳಿಗೆ ಹೋಗಿದ್ದರೆ ಅದನ್ನೂ ತಿಳಿಸಬೇಕು, ಚಪ್ಪಲಿಯಲ್ಲಿ ಮಣ್ಣಿರಬಾರದು. ಇದನ್ನು ಕಿರಿಕಿರಿ ಎನ್ನುವ ಬದಲು ಮಕ್ಕಳಿಗೆ ವಿವರಿಸಿದರೆ ಅದೇ ಕೃಷಿಯ ಮೊದಲ ಪಾಠವಾದೀತು.

ಇದು ನಿಜಕ್ಕೂ ರೈತನ ಮನೆಯೇ?

ಇಷ್ಟೆಲ್ಲ ಸರಿಯಾದ ಮೇಲೂ ಕೇಳಬೇಕಾದ ಪ್ರಶ್ನೆ ಇದು. ಇಟಲಿ ಇದಕ್ಕೆ ಕಾನೂನಿನಲ್ಲಿಯೇ ಉತ್ತರ ಬರೆದಿದೆ. 1985ರಲ್ಲಿ ರೂಪಿಸಿ 2006ರಲ್ಲಿ ಪರಿಷ್ಕರಿಸಿದ 'ಅಗ್ರಿಟುರಿಸ್ಮೊ' ಕಾಯ್ದೆಯ ಪ್ರಕಾರ ಬೇಸಾಯವೇ ಮುಖ್ಯ ಕಸುಬಾಗಿರಬೇಕು. ಅತಿಥಿ ಸತ್ಕಾರ ಅದಕ್ಕೆ ಪೂರಕವಷ್ಟೇ. ಇಂಥ 25 ಸಾವಿರಕ್ಕೂ ಹೆಚ್ಚು ಮನೆಗಳು ಅಲ್ಲಿವೆ. ಸಣ್ಣ ಹಿಡುವಳಿದಾರ ಹಳ್ಳಿ ಬಿಡದಂತೆ ತಡೆಯುವುದು ಈ ಕಾಯ್ದೆಯ ಮೂಲ ಆಶಯಗಳಲ್ಲೊಂದು.

ಈಗ ನಮ್ಮತ್ತ ನೋಡೋಣ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳು ಹೆಸರು ಮಾಡಿವೆ. ಆದರೆ ಹೋಂಸ್ಟೇ ಎನಿಸಿಕೊಳ್ಳಲು ಮಾಲೀಕ ಬೇಸಾಯಗಾರನೇ ಆಗಿರಬೇಕಿಲ್ಲ. ತೋಟದ ನಡುವೆ ಈಜುಕೊಳ ಕಟ್ಟಿ ಹಳ್ಳಿಯೆಂದು ಮಾರುವುದಕ್ಕೂ ಅಡ್ಡಿಯಿಲ್ಲ. ನೆರೆಯ ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ನೀತಿ ತಂದಿತು. ಕರ್ನಾಟಕದಲ್ಲಿ ಇದು ಒಟ್ಟು ಪ್ರವಾಸೋದ್ಯಮ ನೀತಿಯ ಹಲವು ಬಾಬತ್ತುಗಳ ನಡುವಿನ ಒಂದು ಸಾಲಾಗಿದೆ, ಇಟಲಿಯಂಥ ಕಾಯ್ದೆಯಿಲ್ಲ. ನಷ್ಟ ಪಾಲಕರಿಗಷ್ಟೇ ಅಲ್ಲ, ನಿಜವಾಗಿ ಉಳುವ ರೈತನಿಗೂ ಹೌದು. ಬೆಳೆ ಕೈಕೊಟ್ಟ ವರ್ಷ ಅತಿಥಿಯ ಬಾಡಿಗೆ ಅವನ ಕೈಹಿಡಿಯಬಹುದಿತ್ತು.

ಕಮ್ಮನಹಳ್ಳಿಯಿಂದ ಹೆಣ್ಣೂರು ರಸ್ತೆ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವ ಕುಟುಂಬ ದೇವನಹಳ್ಳಿಯ ಹೊಸ್ತಿಲಲ್ಲೇ ಇರುತ್ತದೆ. ಚಕ್ಕೋತಕ್ಕೆ ಭೌಗೋಳಿಕ ಗುರುತು ಪಡೆದ ಊರದು. ಬೇಸಿಗೆ ರಜೆಯ ಕೊನೆಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ವಿದೇಶ ಪ್ರವಾಸ ಬೇಡವೆಂದಲ್ಲ. ಸ್ವಂತ ಸೀಮೆಯ ರಾಗಿ ಹೊಲ, ಮಾವಿನ ತೋಪು ಒಮ್ಮೆ ನೋಡಿದ ಮಗು ಆಲ್ಪ್ಸ್‌ನ ರೈತನಿಗೆ ಹೆಚ್ಚು ಪ್ರಶ್ನೆ ಕೇಳೀತು. ಅಂಥ ಮಗುವಿಗೆ ಬಾಗಿಲು ತೆರೆಯುವ ರೈತ ಇಲ್ಲಿಯೂ ಇದ್ದಾನೆ. ಅವನನ್ನು ಗುರುತಿಸುವ ಕಾಯ್ದೆಯನ್ನು ಸರ್ಕಾರ ಇನ್ನಾದರೂ ಬರೆಯಬೇಕಿದೆ.