ಅಂಗನವಾಡಿಯ ಹೊತ್ತು, ದುಡಿಯುವ ತಾಯಿಯ ಹೊತ್ತು

ಶಾಲೆ ಸೇರುವ ವಯಸ್ಸಿಗೆ ಮುಂಚಿನ ಮಕ್ಕಳನ್ನು ದಿನದ ಕೆಲವು ಗಂಟೆ ಸರ್ಕಾರದ ಖರ್ಚಿನಲ್ಲಿ ನೋಡಿಕೊಳ್ಳುವ ಏರ್ಪಾಡು ಕರ್ನಾಟಕದ ಹಳ್ಳಿಗಳಲ್ಲಿ ಅಂಗನವಾಡಿಯ ರೂಪದಲ್ಲಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ನೆರೆಯ ಕೊಳ್ಳೇಗಾಲ, ಯಳಂದೂರು ಆಗ ಅದೇ ಮೈಸೂರು ಜಿಲ್ಲೆಯಲ್ಲಿದ್ದವು. ಅವನ್ನು ಒಳಗೊಂಡ ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ಮಲೆ ಮಹದೇಶ್ವರನನ್ನು ಪೂಜಿಸುವ ಒಕ್ಕಲುಗಳ ನೆರೆಹೊರೆಯಲ್ಲೇ. ಐವತ್ತು ವರ್ಷ ಕಳೆದರೂ ಮಲೆ ಮಹದೇಶ್ವರ ಬೆಟ್ಟದೊಳಗಿನ ಊರುಗಳ ದುಡಿಯುವ ತಾಯಿಗೆ ಈ ಏರ್ಪಾಡು ಅರ್ಧ ಮಾತ್ರ ದಕ್ಕಿದೆ.

ಯೋಜನೆಯ ಕೈಗೆ ಆರು ಕೆಲಸಗಳಿವೆ: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ–ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ನಿಗದಿಯಾದಷ್ಟು ಕ್ಯಾಲೊರಿ, ಪ್ರೋಟೀನ್ ಸಿಗುವ ಆಹಾರ ಕೊಡಬೇಕು; ವರ್ಷಕ್ಕೆ 300 ದಿನ ಕೊಡಬೇಕು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇದು ಮಗುವಿನ ಕಾನೂನುಬದ್ಧ ಹಕ್ಕು. ಅದೇ ವರ್ಷ ಕರ್ನಾಟಕ ಕ್ಷೀರಭಾಗ್ಯದ ಹಾಲನ್ನೂ ಸೇರಿಸಿತು.

ಅಂಗನವಾಡಿಯ ದಿನ ಶುರುವಾಗುವುದು ಸಹಾಯಕಿಯ ನಡಿಗೆಯಿಂದ. ಬೆಳಿಗ್ಗೆ ಆಕೆ ಮನೆಮನೆಗೆ ಹೋಗಿ ಮಕ್ಕಳನ್ನು ಕೂಗಿ ಕರೆದು, ಅಳುವವರನ್ನು ಕಂಕುಳಿಗೆ ಏರಿಸಿಕೊಂಡು, ಉಳಿದವರ ಕೈ ಹಿಡಿದು ತರುತ್ತಾಳೆ. ಬಳಿಕ ‘ಚಿಲಿಪಿಲಿ’ ಪುಸ್ತಕದ ಚಟುವಟಿಕೆ, ಹಾಡು, ಕತೆ, ಬಣ್ಣದ ಮಣಿಗಳ ಎಣಿಕೆ. ಆ ಹೊತ್ತಿಗೆ ಒಳಗಿನ ಒಲೆಯ ಮೇಲೆ ಸಾಂಬಾರು ಕುದಿಯುತ್ತಿರುತ್ತದೆ. ಊಟವಾದ ಮೇಲೆ ಜಮಖಾನದ ಮೇಲೆ ಸಾಲಾಗಿ ನಿದ್ದೆ. ತೂಕ ಹಾಕುವ ದಿನ ಕಾರ್ಯಕರ್ತೆ ಪ್ರತಿ ಮಗುವಿನ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕಿ ಇಡುತ್ತಾಳೆ. ಚುಕ್ಕಿ ಹಸಿರಿನಿಂದ ಹಳದಿಗೆ ಜಾರಿದರೆ ತಾಯಿಯನ್ನು ಕರೆಸಿ ಮಾತಾಡಬೇಕು, ಕಿತ್ತಳೆಗೆ ಇಳಿದರೆ ಆಸ್ಪತ್ರೆಗೆ ಕಳಿಸಬೇಕು. ಇಷ್ಟೆಲ್ಲ ಮಾಡುವವರಿಗೆ ಸರ್ಕಾರ ಕೊಡುವುದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಷ್ಟೇ. ಅಷ್ಟು ತಡವಾದದ್ದು ಅನ್ಯಾಯ.

ಬಯಲಿನ ಊರಿಗೆ ಈ ವ್ಯವಸ್ಥೆ ಹೊಂದುತ್ತದೆ. ಬೆಟ್ಟದ ಲೆಕ್ಕ ಬೇರೆ. ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾಯಿತು. ಅದರ ವಿಸ್ತೀರ್ಣ 906 ಚದರ ಕಿಲೋಮೀಟರ್. ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ, ದೊಡ್ಡಾಣೆ, ನಾಗಮಲೆಯಂಥ ಊರುಗಳು ಈ ಕಾಡಿನ ನಡುವೆ ಚದುರಿವೆ. ಬೇಡಗಂಪಣರು, ಸೋಲಿಗರು ಇಲ್ಲಿನ ಮುಖ್ಯ ಜನ. ಮಳೆ ನಂಬಿದ ರಾಗಿ, ಜೋಳ, ಅವರೆ; ದನ, ಕುರಿ; ಹಂಗಾಮಿನಲ್ಲಿ ನೆಲ್ಲಿ, ಪಾಚಿ, ಸೀಗೆ, ಅಂಟುವಾಳ. ಕಾಡಿನ ಕೆಲಸಕ್ಕೆ ಹೋಗುವ ಹೆಂಗಸು ಬೆಳಕು ಹರಿಯುವ ಮುನ್ನವೇ ಮನೆ ಬಿಡಬೇಕು. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ರಾಗಿ ತೆನೆ ಕಟ್ಟುವ ಕಾಲದಲ್ಲಿ ಆನೆ ಕಾಯಲು ಗಂಡಸರು ರಾತ್ರಿಯೆಲ್ಲ ಅಟ್ಟಣೆಯ ಮೇಲಿದ್ದು ಹಗಲು ನಿದ್ದೆ ಮಾಡುತ್ತಾರೆ. ಹಾಗಾಗಿ ಕೂಸು ಉಳಿಯುವುದು ಅಜ್ಜಿಯ ಮಡಿಲಲ್ಲಿ; ಅಜ್ಜಿ ಇಲ್ಲದ ಮನೆಯಲ್ಲಿ ಅಕ್ಕನ ಕಂಕುಳಲ್ಲಿ. ಆ ಅಕ್ಕ ಶಾಲೆಗೆ ಹೋಗಬೇಕಾದ ಹುಡುಗಿ. ಒಂದು ಕೂಸಿಗೆ ಪಾಲನೆ ಸಿಗದಿದ್ದರೆ ಇನ್ನೊಂದು ಮಗುವಿನ ಓದು ತಪ್ಪುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ.

ದೂರದ ತೊಡಕೂ ಇದೆ. ಒಂದು ಅಂಗನವಾಡಿಗೆ ಬಯಲಿನಲ್ಲಿ 400ರಿಂದ 800 ಜನಸಂಖ್ಯೆ ಬೇಕು. ಗುಡ್ಡಗಾಡಿನಲ್ಲಿ 300 ಸಾಕು. 150ರಿಂದ 300 ಜನರಿರುವ ಕಡೆಗೆ ಮಿನಿ ಅಂಗನವಾಡಿ ಎಂಬ ಏರ್ಪಾಡು ಬಂತು. ಅಲ್ಲಿ ಸಹಾಯಕಿಯ ಹುದ್ದೆಯೇ ಇರಲಿಲ್ಲ. ಅಡುಗೆ, ಪಾಠ, ದಾಖಲೆ ಎಲ್ಲವೂ ಒಬ್ಬಳ ಮೇಲೆ. ಹತ್ತಿಪ್ಪತ್ತು ಮನೆಗಳ ಪೋಡು, ಅಂದರೆ ಸೋಲಿಗರ ಹಾಡಿ, ಈ ಅಳತೆಗೂ ಸಿಕ್ಕುವುದಿಲ್ಲ. ಪಕ್ಕದ ಊರಿನಲ್ಲಿ ಕೇಂದ್ರ ಇದೆ ಎಂದರೆ ಆನೆ ಓಡಾಡುವ ದಾರಿಯಲ್ಲಿ ನಾಲ್ಕು ವರ್ಷದ ಮಗು ನಡೆಯಬೇಕು. ಇಂಥ ಊರುಗಳ ಶಾಲಾಮಕ್ಕಳಿಗೆಂದು ಅರಣ್ಯ ಇಲಾಖೆ ಜನ–ವನ ಸಾರಿಗೆಯ ಜೀಪುಗಳನ್ನು ಓಡಿಸಿದ್ದು ಒಳ್ಳೆಯ ಕೆಲಸ. ಶಾಲೆಗೆ ಇನ್ನೂ ಸೇರದ ಮಗುವಿನ ದಾರಿಗೂ ಅಂಥದೇ ಯೋಚನೆ ಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಮೂರು ವರ್ಷದೊಳಗಿನ ಕೂಸುಗಳದು. ಅವುಗಳ ಪಾಲಿಗೆ ‘ಪುಷ್ಟಿ’ ಎಂಬ ಪೌಷ್ಟಿಕ ಹಿಟ್ಟಿನ ಪೊಟ್ಟಣ ಮನೆಗೆ ಬರುತ್ತದೆ, ಚುಚ್ಚುಮದ್ದು ಸಿಗುತ್ತದೆ, ತೂಕ ಹಾಕುತ್ತಾರೆ. ಆದರೆ ನೋಡಿಕೊಳ್ಳುವ ಗಂಟೆ ಒಂದೂ ಇಲ್ಲ. ಪುಷ್ಟಿಯ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಆರಿಸಿ, ಒಂದೊಂದೇ ತುತ್ತು ತಿನ್ನಿಸಲು ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಬೇಕು. ತಾಯಿ ಹೊಲದಲ್ಲಿದ್ದರೆ ಪೊಟ್ಟಣ ಇದ್ದೂ ಕೂಸು ಹಸಿದೇ ಇರುತ್ತದೆ. ಮಗು ಸೊರಗುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ.

ಈ ಕೊರತೆ ತುಂಬಲು ಕರ್ನಾಟಕ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಗ್ರಾಮೀಣ ಉದ್ಯೋಗ ಖಾತರಿಯ (ನರೇಗಾ) ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ತರಬೇತಿ ಪಡೆದ ಊರಿನ ಹೆಂಗಸರೇ ನೋಡಿಕೊಳ್ಳುವಂತೆ ರೂಪಿಸಿದ ಏರ್ಪಾಡು ಇದು. ನರೇಗಾ ಕಾಯ್ದೆಯ ಅನುಸೂಚಿಯಲ್ಲಿ ಇದರ ಬೀಜ ಮೊದಲೇ ಇತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಅವರ ಪಾಲನೆಗೆ ಬಿಟ್ಟು ಆಕೆಗೂ ಕೂಲಿ ಕೊಡಬೇಕು ಎಂದು. ಯೋಚನೆ ಸರಿಯಾದದ್ದು. ಪಂಚಾಯಿತಿಗೊಂದು ಕೇಂದ್ರ ಎಂಬ ಅಳತೆ ಮಾತ್ರ ಬೆಟ್ಟಕ್ಕೆ ಸಾಲದು. ಇಲ್ಲಿ ಒಂದು ಪಂಚಾಯಿತಿಯ ಊರುಗಳ ನಡುವೆ ಮೈಲುಗಟ್ಟಲೆ ಕಾಡಿರುತ್ತದೆ.

ಮಳೆ ಕೈಕೊಟ್ಟ ವರ್ಷ ಈ ಬೆಟ್ಟವಿರುವ ಹನೂರು ಕಡೆಯ ಸಂಸಾರಗಳು ಕೊಡಗಿನ ಕಾಫಿ ತೋಟಗಳಿಗೆ, ತಮಿಳುನಾಡಿಗೆ, ಬೆಂಗಳೂರಿಗೆ ಕೆಲಸ ಹುಡುಕಿ ಹೋಗುತ್ತವೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದಿತು. ಹಂಗಾಮಿಗೆ ಬಂದುಹೋಗುವ ಆಳಿಗೆ ಆ ಕೊಠಡಿಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಆದರೆ ಅಂಗನವಾಡಿಯ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಬರುತ್ತದೆ. ಹೊರನಾಡಿನ ಕನ್ನಡ ಸಂಘಗಳು ಕೂಲಿ ಸಂಸಾರಗಳಿಗೆ ಈ ಒಂದು ವಿಷಯ ತಿಳಿಸಿಕೊಟ್ಟರೂ ಊರು ಬಿಟ್ಟ ಮಗುವಿನ ಊಟ ತಪ್ಪುವುದಿಲ್ಲ.

ಹೊರದೇಶದ ಕನ್ನಡಿಗರಿಗೆ ಪರಿಚಯವಿರುವ ಮಾದರಿ ಇಂಗ್ಲೆಂಡಿನದು. ಅಲ್ಲಿ ಮೂರು–ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಸರ್ಕಾರದ ಖರ್ಚಿನಲ್ಲಿ ಸಿಗುತ್ತದೆ. ತಂದೆತಾಯಿ ಇಬ್ಬರೂ ದುಡಿಯುವ, ಷರತ್ತಿಗೆ ಒಳಪಡುವ ಮನೆಗಳಿಗೆ 30 ಗಂಟೆ. 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಕೂಸಿಗೂ ಇದು ಸಲ್ಲುತ್ತದೆ. ಸರ್ಕಾರಿ ನೆರವಿಗೆ ಅವಕಾಶವಿಲ್ಲದ ವೀಸಾದಲ್ಲಿ ಗಂಡಹೆಂಡಿರಿಬ್ಬರೂ ಇದ್ದರೆ ಈ 30 ಗಂಟೆ ಸಿಗದು. ಮೂರು–ನಾಲ್ಕು ವರ್ಷದವರ 15 ಗಂಟೆ ಮಾತ್ರ ಸಿಗುತ್ತದೆ. ವರ್ಷದ ಲೆಕ್ಕದಲ್ಲಿ 30 ಗಂಟೆಯ ಸೌಲಭ್ಯ 1,140 ಗಂಟೆಯಾಗುತ್ತದೆ. ದಿನಕ್ಕೆ ಆರೂವರೆ ಗಂಟೆಯಂತೆ 300 ದಿನ ನಡೆದ ಅಂಗನವಾಡಿ ಕಾಗದದ ಮೇಲೆ 1,900 ಗಂಟೆ ದಾಟುತ್ತದೆ. ಗಂಟೆಯಲ್ಲಿ ನಮ್ಮದೇ ಮುಂದು. ಆದರೆ ಅಲ್ಲಿಯ ಗಂಟೆಗಳನ್ನು ದುಡಿಯುವವರ ಕೆಲಸಕ್ಕೆ ನೆರವಾಗಲೆಂದೇ ಲೆಕ್ಕ ಹಾಕಿದ್ದಾರೆ. ಇಲ್ಲಿಯವನ್ನು ಊಟ ಮತ್ತು ಪಾಠಕ್ಕೆ ತಕ್ಕಂತೆ ಇಟ್ಟಿದ್ದಾರೆ. ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯ ಅಂಗನವಾಡಿ–ಶಿಶುಪಾಲನಾ ಕೇಂದ್ರಗಳು ಆರು ತಿಂಗಳ ಕೂಸಿನಿಂದಲೇ ಸೇರಿಸಿಕೊಂಡು ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ನಡೆಯಬೇಕು. ಬೆಟ್ಟದ ಊರುಗಳಿಗೆ ಒಪ್ಪುವುದು ಇದೇ ಬಗೆ, ಬೆಳಿಗ್ಗೆ ಬೇಗ ಬಾಗಿಲು ತೆರೆಯುವುದಾದರೆ.

ಕೇಳುವ ದಾರಿಗಳು ಕಾನೂನಿನಲ್ಲಿವೆ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಊರಿನವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಅಷ್ಟು ಮಕ್ಕಳಿಲ್ಲದ ಪೋಡುಗಳಿಗೆ ರಾಜ್ಯವೇ ಅಳತೆ ಸಡಿಲಿಸಬೇಕು. ಅರಣ್ಯದ ಜಾಗ ಎಂಬ ಅಡ್ಡಿಗೂ ಉತ್ತರವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಆಸ್ಪತ್ರೆಗಳ ಜೊತೆಗೆ ಅಂಗನವಾಡಿಯನ್ನೂ ಹೆಸರಿಸಿ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಬಿಟ್ಟುಕೊಡಲು ಅವಕಾಶ ಮಾಡಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಆ ಶಿಫಾರಸಿನ ಠರಾವಿನಲ್ಲಿ ಜಾಗದ ಗುರುತಿನ ಜೊತೆಗೆ ಬಾಗಿಲು ತೆರೆಯುವ ಹೊತ್ತು, ಮೂರು ವರ್ಷದೊಳಗಿನ ಕೂಸುಗಳ ಸಂಖ್ಯೆ, ಸೋಲಿಗರ ಪೋಡಾದರೆ ಅವರ ನುಡಿ ಬಲ್ಲ ಕಾರ್ಯಕರ್ತೆಯ ಬೇಡಿಕೆ ಇಷ್ಟನ್ನೂ ಬರೆಸಬೇಕು.