ದಿಲ್ಲಿಯಲ್ಲಿ ವಾರಕ್ಕೆ ಐದು ದಿನ. ಅಡಿಕೆಗೆ ಯಾವ ದಿನ?

ಎಂ.ಪಿ. ಎಂದರೆ ಯಾರು? ಮದುವೆ ಮನೆಯಲ್ಲಿ ಅಕ್ಷತೆ ಹಾಕುವವರು. ಜಾತ್ರೆಯಲ್ಲಿ ತೇರಿನ ಹಗ್ಗ ಮುಟ್ಟುವವರು. ಬಸ್ ತಂಗುದಾಣದ ಹಣೆಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಸಿಕೊಳ್ಳುವವರು. ಶಿವಮೊಗ್ಗ ಜಿಲ್ಲೆಯ ಬಹುಪಾಲು ಜನಕ್ಕೆ ಗೊತ್ತಿರುವುದು ಇಷ್ಟೇ. ಗಾಂಧಿ ಬಜಾರಿನ ಯಾವ ಅಂಗಡಿ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೂ ಒಂದೇ ಮಾತು: "ಎಮ್ಮೆಲ್ಲೆ ಆದ್ರೆ ರಸ್ತೆ ಗಿಸ್ತೆ ಮಾಡಿಸ್ತಾನೆ. ಎಂ.ಪಿ. ದಿಲ್ಲಿಗೆ ಹೋಗಿ ಏನ್ ಮಾಡ್ತಾನೆ ಕಣ್ರೀ?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಉತ್ತರ ಹುಡುಕುವ ಜಾಗ ತಪ್ಪು. ಎಂ.ಪಿ.ಯ ಕೆಲಸವನ್ನು ಬಸ್ ಸ್ಟಾಪಿನ ಶೀಟಿನಲ್ಲಿ ಅಳೆಯುವುದು, ಮಂಡಿ ಸಾಹುಕಾರನ ವ್ಯಾಪಾರವನ್ನು ಅವನ ಅಂಗಡಿಯ ಬೋರ್ಡಿನಲ್ಲಿ ಅಳೆದ ಹಾಗೆ. ಲೆಕ್ಕ ಇರುವುದು ಒಳಗಿನ ಖಾತೆ ಪುಸ್ತಕದಲ್ಲಿ.

ಐದು ಕೋಟಿಯ ಭ್ರಮೆ

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಮೊದಲ ವರ್ಷ ಒಬ್ಬ ಸದಸ್ಯರಿಗೆ ಬರೀ 5 ಲಕ್ಷ. ಅದು ಏರುತ್ತಾ ಬಂದು 2011ರಿಂದ ವರ್ಷಕ್ಕೆ 5 ಕೋಟಿ ಆಯಿತು. ಈ ದುಡ್ಡು ಎಂ.ಪಿ.ಯ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡಬೇಕು, ಮಂಜೂರು ಮಾಡುವುದು ಜಿಲ್ಲಾಡಳಿತ.

ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಭಾಗಿಸಿದರೆ ಒಂದೊಂದಕ್ಕೆ ವರ್ಷಕ್ಕೆ ಅರವತ್ತೆರಡೂವರೆ ಲಕ್ಷ. ಈಗಿನ ಸಿಮೆಂಟು, ಕಬ್ಬಿಣದ ರೇಟಿನಲ್ಲಿ ಇದರಲ್ಲಿ ಏನಾಗುತ್ತದೆ ಎಂಬುದು ಹಾರ್ಡ್‌ವೇರ್ ಅಂಗಡಿಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಲೆಕ್ಕ ನೋಡಿ. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಕಟ್ಟಿದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಖರ್ಚು ಸುಮಾರು 470 ಕೋಟಿ. ಕೊಟ್ಟದ್ದು ಕೇಂದ್ರದ ಹೆದ್ದಾರಿ ಇಲಾಖೆ. ಇದನ್ನೇ ಎಂ.ಪಿ. ನಿಧಿಯಲ್ಲಿ ಕಟ್ಟಿಸುವುದಾದರೆ 94 ವರ್ಷ ಬೇಕಿತ್ತು! ಅಂದರೆ ಎಂ.ಪಿ.ಯ ನಿಜವಾದ ಕಸುವು ನಿಧಿಯಲ್ಲಿಲ್ಲ. ದಿಲ್ಲಿಯ ಇಲಾಖೆಗಳನ್ನು ಎಷ್ಟು ಕಾಡುತ್ತಾರೆ, ಎಷ್ಟು ಕೇಳುತ್ತಾರೆ ಎಂಬುದರಲ್ಲಿದೆ.

ವಾರದ ಸಂತೆ

ಕಾಡಲು ಸಿಗುವುದು ಎಷ್ಟು ಹೊತ್ತು? ಅಧಿವೇಶನ ನಡೆಯುವಾಗ ಲೋಕಸಭೆ ಸೋಮವಾರದಿಂದ ಶುಕ್ರವಾರದವರೆಗೆ ಸೇರುತ್ತದೆ. ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ. 12ಕ್ಕೆ ಶೂನ್ಯ ವೇಳೆ. ಊಟದ ಮೇಲೆ ಮಸೂದೆಗಳು.

ಪ್ರಶ್ನೋತ್ತರದ ಗಂಟೆ ಪೇಟೆಯ ವಾರದ ಸಂತೆ ಇದ್ದ ಹಾಗೆ. ಯಾವ ಇಲಾಖೆ ಯಾವ ದಿನ ಉತ್ತರ ಕೊಡಬೇಕು ಎಂದು ಮೊದಲೇ ನಿಗದಿ. ಈಚಿನ ಅಧಿವೇಶನಗಳಲ್ಲಿ ಲೋಕಸಭೆಯಲ್ಲಿ ಕೃಷಿಗೆ ಮಂಗಳವಾರ, ರೈಲ್ವೆಗೆ ಬುಧವಾರ, ವಿದೇಶಾಂಗಕ್ಕೆ ಶುಕ್ರವಾರ. ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಯಾವಾಗ ಎಂದು ಕೇಳಬೇಕಾದವರು ಬುಧವಾರವನ್ನು ತಪ್ಪಿಸಿಕೊಂಡರೆ ಮುಂದಿನ ಬುಧವಾರದ ತನಕ ಕಾಯಬೇಕು.

ಕೇಳುವುದೂ ಸುಲಭವಲ್ಲ. 15 ದಿನ ಮುಂಚೆ ಬರೆದು ಕೊಡಬೇಕು. ಆಮೇಲೆ ಲಾಟರಿ. ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕಾದ, ನಕ್ಷತ್ರ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ. ಸದಸ್ಯರೋ 543. ಉಳಿದ 230 ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ. ಬಾಯುತ್ತರ ಸಿಕ್ಕರೆ ಅಲ್ಲಿಯೇ ಉಪಪ್ರಶ್ನೆ ಹಾಕಿ ಮಂತ್ರಿಯನ್ನು ಹಿಡಿಯಬಹುದು. ಕಾಗದದ ಉತ್ತರಕ್ಕೆ ಆ ಭಾಗ್ಯ ಇಲ್ಲ.

ಆ 20 ಪ್ರಶ್ನೆಗಳ ಗತಿಯಾದರೂ ಏನು? 2025ರ ಮಳೆಗಾಲದ ಅಧಿವೇಶನ ಜುಲೈ 21ರಿಂದ ಆಗಸ್ಟ್ 21ರವರೆಗೆ ನಡೆಯಿತು. ನಕ್ಷತ್ರ ಗುರುತಿನ ಪ್ರಶ್ನೆಗಳು 419. ಬಾಯಲ್ಲಿ ಉತ್ತರ ಸಿಕ್ಕಿದ್ದು 55ಕ್ಕೆ. 120 ಗಂಟೆ ಚರ್ಚೆಯ ಗುರಿ ಇಟ್ಟುಕೊಂಡು ನಡೆದದ್ದು 37 ಗಂಟೆ 7 ನಿಮಿಷ. ಇದು ಸ್ಪೀಕರ್ ಓಂ ಬಿರ್ಲಾ ಅವರೇ ಸದನದಲ್ಲಿ ಒಪ್ಪಿಸಿದ ಲೆಕ್ಕ. ಅಷ್ಟರಲ್ಲೇ 12 ಮಸೂದೆ ಪಾಸಾದವು. ಆಡಳಿತ ಪಕ್ಷ ವಿರೋಧ ಪಕ್ಷವನ್ನು ಬೈಯಿತು, ವಿರೋಧ ಪಕ್ಷ ಆಡಳಿತ ಪಕ್ಷವನ್ನು ಬೈಯಿತು. ಗಲಾಟೆ ಯಾರದೇ ಇರಲಿ, ನಷ್ಟವಾದದ್ದು ಪ್ರಶ್ನೆ ಕಳಿಸಿದ ಊರುಗಳಿಗೆ.

ಶೂನ್ಯ ವೇಳೆಯಲ್ಲಿ ಹೇಗೋ ಒಂದೆರಡು ನಿಮಿಷ ಮಾತಾಡಬಹುದು. ಸಂಜೆಗೆ ಅದರ ವಿಡಿಯೋ ಊರಿನ ಮೊಬೈಲುಗಳಲ್ಲಿ ಓಡಾಡುತ್ತದೆ. 'ಸದನದಲ್ಲಿ ಗುಡುಗಿದರು' ಅಂತ ಹಿಂಬಾಲಕರು ಬರೆದುಕೊಳ್ಳುತ್ತಾರೆ. ಆದರೆ ಶೂನ್ಯ ವೇಳೆಯಲ್ಲಿ ಎತ್ತಿದ ಮಾತಿಗೆ ಮಂತ್ರಿ ಅಲ್ಲೇ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಗುಡುಗು ಕೇಳಿಸಿತು, ಮಳೆ ಬಂತೇ ಎಂದು ನೋಡುವವರು ಕಡಿಮೆ.

ಭೂತಾನದ ಹಸಿ ಅಡಿಕೆ

ಈಗ ಅಸಲು ವಿಷಯ. 'ವಿದೇಶಾಂಗ ನೀತಿ ದೊಡ್ಡವರ ಮಾತು, ನಮಗ್ಯಾಕೆ' ಎನ್ನುವವರು 2022ರ ಸೆಪ್ಟೆಂಬರ್ 28ನ್ನು ನೆನಪಿಟ್ಟುಕೊಳ್ಳಬೇಕು. ಅಂದು ವಾಣಿಜ್ಯ ಸಚಿವಾಲಯದ ಕೆಳಗಿರುವ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ತರಬಹುದು. ಮಂಡಿ ಲೆಕ್ಕದಲ್ಲಿ 1 ಲಕ್ಷ 70 ಸಾವಿರ ಕ್ವಿಂಟಾಲ್.

ಅಧಿಸೂಚನೆ ಬಂದ ದಿನ ಪಾರ್ಲಿಮೆಂಟು ಬಾಗಿಲು ಹಾಕಿತ್ತು. ಮಳೆಗಾಲದ ಅಧಿವೇಶನ ಆಗಸ್ಟ್ 8ಕ್ಕೆ ಮುಗಿದಿತ್ತು. ಚಳಿಗಾಲದ ಅಧಿವೇಶನ ಕೂತದ್ದು ಡಿಸೆಂಬರ್ 7ಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲ ಸದನದಲ್ಲಿ ಕೇಳುವ ಅವಕಾಶವೇ ಇರಲಿಲ್ಲ. ಆ ಹೊತ್ತಿಗೆ ತೀರ್ಥಹಳ್ಳಿ, ಸಾಗರ, ಶಿರಸಿ, ಪುತ್ತೂರುಗಳಲ್ಲಿ ಬೆಳೆಗಾರರ ಎದೆ ಹೊಡೆದುಕೊಂಡು ಆಗಿತ್ತು.

ದಿಲ್ಲಿಯ ಕಡೆಯ ನ್ಯಾಯವನ್ನೂ ಹೇಳಬೇಕು. ಭೂತಾನ ಸಣ್ಣ ದೇಶ, ಹಳೆಯ ಸ್ನೇಹಿತ. 2017ರಲ್ಲಿ ಡೋಕ್ಲಾಂನಲ್ಲಿ ಚೀನಾ ಸೈನ್ಯಕ್ಕೆ ಎದುರಾಗಿ ಭಾರತದ ಸೈನಿಕರು ನಿಂತಿದ್ದು ಭೂತಾನ ತನ್ನದೆನ್ನುವ ನೆಲದ ಮೇಲೆ. ಅಂಥ ನೆರೆಯವನ ರೈತರ ಹಸಿ ಅಡಿಕೆಯನ್ನು ಕೊಳ್ಳುವುದು ದಿಲ್ಲಿಯ ತಕ್ಕಡಿಯಲ್ಲಿ ಸಣ್ಣ ಬೆಲೆ. ದೇಶದ ಒಟ್ಟು ಬೆಳೆಯ ಮುಂದೆ 17,000 ಟನ್ ದೊಡ್ಡದೂ ಅಲ್ಲ. ಆದರೆ ಮಂಡಿ ನಡೆಯುವುದು ಬರೀ ತೂಕದ ಮೇಲಲ್ಲ, ಸುದ್ದಿಯ ಮೇಲೂ. 'ಹೊರಗಿನ ಮಾಲು ಬರ್ತಾ ಇದೆಯಂತೆ' ಎಂಬ ಒಂದು ಮಾತಿಗೆ ಖರೀದಿದಾರ ಕೈ ಹಿಂದೆ ಎಳೆಯುತ್ತಾನೆ.

ಕ್ವಿಂಟಾಲಿಗೆ ಬರೀ ಸಾವಿರ ರೂಪಾಯಿ ಇಳಿಯಿತು ಎಂದಿಟ್ಟುಕೊಳ್ಳಿ. ಒಂದು ಲಕ್ಷ ಕ್ವಿಂಟಾಲ್ ವಹಿವಾಟಿಗೆ ಅದು 10 ಕೋಟಿ. ಎಂ.ಪಿ.ಯ ಎರಡು ವರ್ಷದ ನಿಧಿ, ಒಂದು ಸುದ್ದಿಯಲ್ಲಿ ಕರಗಿತು! ಹೊಡೆತ ತೋಟದವರಿಗೆ ಮಾತ್ರವಲ್ಲ. ರಾಶಿ ಇಡಿಯ ರೇಟು ಬಿದ್ದ ವರ್ಷ ಬಟ್ಟೆ ಅಂಗಡಿ, ಚಿನ್ನದಂಗಡಿ, ಬೈಕ್ ಶೋರೂಮು ಎಲ್ಲವೂ ನೊಣ ಹೊಡೆಯುತ್ತವೆ.

ಆಮೇಲೆ ಬೆಳೆಗಾರರು, ಸಹಕಾರ ಸಂಘಗಳು, ಅಡಿಕೆ ಸೀಮೆಯ ರಾಜಕಾರಣಿಗಳು ದಿಲ್ಲಿಗೆ ಅರ್ಜಿ ಹಿಡಿದು ಓಡಾಡಿದರು. 2023ರ ಫೆಬ್ರವರಿ 14ರಂದು ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಅದಕ್ಕಿಂತ ಅಗ್ಗದ ಅಡಿಕೆ ಕಾನೂನು ದಾರಿಯಲ್ಲಿ ಒಳಬರುವಂತಿಲ್ಲ. ಒಳ್ಳೆಯದೇ. ಆದರೆ ಭೂತಾನದ 17,000 ಟನ್‌ಗೆ ಕೊಟ್ಟ ವಿನಾಯಿತಿಗೆ ಇದು ತಾಗಲಿಲ್ಲ. ಮ್ಯಾನ್ಮಾರ್ ಗಡಿಯ ಕಳ್ಳದಾರಿಗೆ ಯಾವ ಅಧಿಸೂಚನೆಯೂ ತಾಗುವುದಿಲ್ಲ.

ಸಹಿಗೆ ಮತ ಬೇಕಿಲ್ಲ

ಇಲ್ಲೊಂದು ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಹೊರದೇಶದ ಜತೆ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರ ಪಾರ್ಲಿಮೆಂಟಿನ ಮತ ಕೇಳಬೇಕಾಗಿಲ್ಲ. ಒಪ್ಪಂದ ಜಾರಿಗೆ ಹೊಸ ಕಾನೂನು ಬೇಕಾದರೆ ಮಾತ್ರ ಸದನಕ್ಕೆ ಬರಬೇಕು. 1996ರ ಡಿಸೆಂಬರಿನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಬಾಂಗ್ಲಾದೇಶದ ಜತೆ 30 ವರ್ಷದ ಗಂಗಾ ನೀರಿನ ಒಪ್ಪಂದ ಮಾಡಿಕೊಂಡಾಗಲೂ ಅದು ಸದನದ ಮತಕ್ಕೆ ಹೋಗಲಿಲ್ಲ. ಅದೇ ಬಾಂಗ್ಲಾದ ಜತೆ ನೆಲ ಅದಲುಬದಲು ಮಾಡುವ 1974ರ ಒಪ್ಪಂದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕಾಯಿತು. ಅದು 2015ರಲ್ಲಿ ಪಾಸಾಯಿತು. ಎಂ.ಪಿ.ಗಳ ಕೈ ಎತ್ತದೆ ಒಂದಂಗುಲ ನೆಲ ಕೊಡುವಂತಿಲ್ಲ. ಆದರೆ ಅವರನ್ನು ಕೇಳದೆಯೇ ಅಡಿಕೆ ತರಿಸಬಹುದು!

ಹಾಗಂತ ಜನರ ಕೂಗಿಗೆ ಬೆಲೆಯೇ ಇಲ್ಲವೆಂದಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಕೂಟಕ್ಕೆ ಸೇರುವುದಿಲ್ಲ ಎಂದು ಭಾರತ ಹೇಳಿಬಿಟ್ಟಿತು. ಅದಕ್ಕೆ ಮೊದಲು ಹೈನುಗಾರರು, ರೈತ ಸಂಘಟನೆಗಳು, ಸಣ್ಣ ಕೈಗಾರಿಕೆಯವರು ದೇಶದ ತುಂಬ ಗಲಾಟೆ ಎಬ್ಬಿಸಿದ್ದರು. ಸದನದಲ್ಲಿ ಮತ ಬೀಳಲಿಲ್ಲ. ಬೀದಿಯ ಮಾತು ಮಾತ್ರ ದಿಲ್ಲಿಗೆ ಮುಟ್ಟಿತ್ತು.

ಸರ್ಕಾರಕ್ಕೆ ಬೇಕಾದಾಗ ಎಂ.ಪಿ.ಗಳು ವಿದೇಶಕ್ಕೂ ಬೇಕಾಗುತ್ತಾರೆ. ಆಪರೇಷನ್ ಸಿಂಧೂರದ ನಂತರ 2025ರ ಮೇ ತಿಂಗಳಲ್ಲಿ ಭಾರತದ ಮಾತು ಹೇಳಲು ಏಳು ಸರ್ವಪಕ್ಷ ತಂಡಗಳು ಹೊರಟವು. ದಕ್ಷಿಣ ಕನ್ನಡದ ಬ್ರಿಜೇಶ್ ಚೌಟ ಕನಿಮೊಳಿಯವರ ತಂಡದಲ್ಲಿ, ಬೆಂಗಳೂರು ದಕ್ಷಿಣದ ತೇಜಸ್ವಿ ಸೂರ್ಯ ಶಶಿ ತರೂರ್ ತಂಡದಲ್ಲಿ ಇದ್ದರು. ದೇಶದ ಮಾತನ್ನು ಹೊರಗೆ ಹೇಳಲು ಎಂ.ಪಿ. ಬೇಕು. ಊರಿನ ಮಾತನ್ನು ಒಪ್ಪಂದದ ಮೇಜಿಗೆ ಮುಟ್ಟಿಸಲು ಬೇಡವೇ?

ಬಾಗಿಲು ಮುಚ್ಚಿದ ಕೋಣೆ

ಮುಟ್ಟಿಸುವ ಜಾಗ ಒಂದಿದೆ. ಅದರ ಹೆಸರು ಸ್ಥಾಯಿ ಸಮಿತಿ. ಇಂಥವು 24. ಒಂದೊಂದರಲ್ಲಿ 31 ಜನ: ಲೋಕಸಭೆಯ 21, ರಾಜ್ಯಸಭೆಯ 10. ಕೃಷಿಗೆ, ವಾಣಿಜ್ಯಕ್ಕೆ, ರೈಲ್ವೆಗೆ, ವಿದೇಶಾಂಗಕ್ಕೆ ಬೇರೆ ಬೇರೆ. ಕ್ಯಾಮೆರಾ ಇಲ್ಲ, ಕೂಗಾಟ ಇಲ್ಲ. ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು 'ಈ ವಿನಾಯಿತಿ ಯಾಕೆ ಕೊಟ್ರಿ, ಎಷ್ಟು ಮಾಲು ಬಂತು, ಎಲ್ಲಿ ಹೋಯ್ತು' ಎಂದು ಕೇಳಬಹುದು. ಸಮಿತಿ ಹೇಳಿದ್ದನ್ನು ಸರ್ಕಾರ ಕೇಳಲೇಬೇಕೆಂದಿಲ್ಲ. ಆದರೆ ವರದಿ ದಾಖಲೆಯಲ್ಲಿ ಉಳಿಯುತ್ತದೆ.

ಮುಖ್ಯವಾದ ಮಾತೆಂದರೆ ಇಲ್ಲಿ ಪಕ್ಷದ ವಿಪ್ ಇಲ್ಲ. ಸದನದಲ್ಲಿ ವಿಪ್ ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸೀಟಿಗೇ ಕುತ್ತು. ಸಮಿತಿಯಲ್ಲಿ ಆ ಭಯ ಇಲ್ಲ. ಪ್ರಶ್ನೆ ಕೇಳುವುದಕ್ಕೂ ವಿಪ್ ಇಲ್ಲ. 'ಹೈಕಮಾಂಡ್ ಬಿಡಲಿಲ್ಲ' ಎಂಬ ನೆಪ ಎರಡು ಕಡೆಯೂ ನಡೆಯುವುದಿಲ್ಲ.

ಶುಕ್ರವಾರ ಮಧ್ಯಾಹ್ನದ ಮೇಲಿನ ಎರಡೂವರೆ ಗಂಟೆ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆ ಮೀಸಲು. ಸ್ವಾತಂತ್ರ್ಯ ಬಂದ ಮೇಲೆ ಪಾಸಾದ ಅಂಥ ಮಸೂದೆಗಳು 14. ಕಡೆಯದು 1970ರಲ್ಲಿ. ಶುಕ್ರವಾರ ಮಧ್ಯಾಹ್ನ ಬಹಳ ಎಂ.ಪಿ.ಗಳಿಗೆ ಊರಿನ ವಿಮಾನದ ಹೊತ್ತು. ಸೋಜಿಗವೆಂದರೆ ವಿದೇಶಾಂಗದ ಪ್ರಶ್ನೆಗಳ ದಿನವೂ ಅದೇ.

ಇನ್ನು ಶನಿವಾರ, ಭಾನುವಾರ ಊರಲ್ಲಿ. ಮದುವೆ, ತಿಥಿ, ಗುದ್ದಲಿ ಪೂಜೆ. ನಡುವೆ 'ದಿಶಾ' ಸಭೆ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆದಿವೆ ಎಂದು ಎಂ.ಪಿ. ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಸಭೆ ಇದು.

ಕೇಳಬೇಕಾದ ಮೂರು ಮಾತು

ಎಂ.ಪಿ.ಯ ಸಂಬಳ 2023ರ ಏಪ್ರಿಲಿನಿಂದ ಅನ್ವಯವಾಗುವಂತೆ ತಿಂಗಳಿಗೆ 1,24,000 ರೂಪಾಯಿ ಆಯಿತು. ಆದೇಶ ಬಂದದ್ದು 2025ರ ಮಾರ್ಚಿನಲ್ಲಿ. ಸಂಬಳ ಕೊಡುವವರು ಕೆಲಸದ ಲೆಕ್ಕ ಕೇಳಿದರೆ ತಪ್ಪಿಲ್ಲ. ಮುಂದಿನ ಸಲ ಎಂ.ಪಿ. ಅಂಗಡಿ ಮೆಟ್ಟಿಲು ಹತ್ತಿದಾಗ ಹಾರ, ಶಾಲು ಪಕ್ಕಕ್ಕಿಟ್ಟು ಮೂರೇ ಮಾತು ಕೇಳಿ ನೋಡಿ. 'ಕಳೆದ ಅಧಿವೇಶನದಲ್ಲಿ ಅಡಿಕೆ ಮೇಲೆ, ನಮ್ಮ ರೈಲಿನ ಮೇಲೆ ಎಷ್ಟು ಪ್ರಶ್ನೆ ಹಾಕಿದ್ರಿ ಸಾರ್? ಯಾವ ಸಮಿತಿಯಲ್ಲಿದ್ದೀರಿ, ಎಷ್ಟು ಸಭೆಗೆ ಹೋದ್ರಿ? ಮಂತ್ರಿ ಕೊಟ್ಟ ಉತ್ತರದ ಕಾಗದ ಎಲ್ಲಿ?'

ಉತ್ತರವನ್ನು ಅವರ ಬಾಯಿಂದಲೇ ನಂಬಬೇಕಾಗಿಯೂ ಇಲ್ಲ. ಸದನದ ಪ್ರಶ್ನೋತ್ತರ ಎಲ್ಲರಿಗೂ ತೆರೆದ ದಾಖಲೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ತೆಗೆದು ತೋರಿಸುತ್ತಾರೆ. ಮತ ಕೇಳಲು ಬರುವವರು ಐದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಾರೆ. ಮಂಡಿಯಲ್ಲಿ ಲೆಕ್ಕ ದಿನಾ ಆಗುತ್ತದೆ. ಎಂ.ಪಿ.ಯ ಲೆಕ್ಕವೂ ವಾರಕ್ಕೊಮ್ಮೆಯಾದರೂ ಆಗಲಿ.