ಮುಟ್ಟಿನ ನೋವನ್ನು ಮಾಮೂಲಿ ಎನ್ನಬೇಡಿ

‘ಮದುವೆಯಾದರೆ ಸರಿಹೋಗುತ್ತದೆ.’ ಮುಟ್ಟಿನ ನೋವಿಗೆ ನಮ್ಮ ಮನೆಗಳಲ್ಲಿ ಸಿಗುವ ಮದ್ದು ಇದೇ. ಆದರೆ ತಿಂಗಳು ತಿಂಗಳೂ ಹಾಸಿಗೆ ಹಿಡಿಸುವ ನೋವು ಎಂಡೋಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ ಬೆಳೆಯುವ ಈ ಕಾಯಿಲೆ ಹೆರುವ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರಲ್ಲಿದೆ.

ಇಲ್ಲಿ ಕೆಲವು ಜೀನ್‌ಗಳ ಬರಹ ಬದಲಾಗದೆಯೇ ಕೆಲಸ ಬದಲಾಗಿರುತ್ತದೆ. ಮೀಥೈಲ್ ಎಂಬ ರಾಸಾಯನಿಕ ಗುರುತು ಅಂಟಿದರೆ ಜೀನ್ ಸಾಮಾನ್ಯವಾಗಿ ಮಂಕಾಗುತ್ತದೆ, ಕಳಚಿದರೆ ಚುರುಕಾಗುತ್ತದೆ. ಇದು ಎಪಿಜೆನೆಟಿಕ್ ಬದಲಾವಣೆ. ಈ ಅಂಗಾಂಶದಲ್ಲಿ ಪ್ರೊಜೆಸ್ಟರಾನ್ ಗ್ರಾಹಕದ ಜೀನ್ ಮಂಕಾಗಿರುವುದೂ ಈಸ್ಟ್ರೋಜನ್‌ನ ಬೀಟಾ ಗ್ರಾಹಕದ ಜೀನ್ ಚುರುಕಾಗಿರುವುದೂ ಕಂಡುಬಂದಿದೆ. ಕೆಲವರಿಗೆ ಪ್ರೊಜೆಸ್ಟರಾನ್ ಮಾತ್ರೆ ನಾಟದಿರಲು ಇದೂ ಒಂದು ಕಾರಣವಿರಬಹುದು.

ಆದ್ದರಿಂದ ಇದು ಹುಡುಗಿಯ ನಾಜೂಕುತನವಲ್ಲ, ಮಕ್ಕಳಾಗದ ಸೊಸೆಯ ತಪ್ಪೂ ಅಲ್ಲ. ಯುನಾನಿ ವೈದ್ಯೆಯಾಗಿಯೇ ಹೇಳುತ್ತೇನೆ: ಈ ಗುರುತುಗಳನ್ನು ಅಳಿಸಿ ಕಾಯಿಲೆಯನ್ನು ಬೇರುಸಹಿತ ಕೀಳುವ ಮಾಜೂನ್ ನಮ್ಮಲ್ಲಿಲ್ಲ. ಇದೆ ಎನ್ನುವವರಿಗೆ ಹಣ ಸುರಿಯಬೇಡಿ. ನೋವಿನಿಂದ ಮಗಳ ಶಾಲೆ ತಪ್ಪುತ್ತಿದ್ದರೆ ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಅವಳ ನೋವು ಸುಳ್ಳಲ್ಲ.